ಕೊನೆಗೆ ಉಣ್ಣುವವಳು

ತಾಯಂದಿರಿಗೆ ಬುದ್ಧಿ ಹೇಳುವವರು ಈಗ ಬಹಳ ಹೆಚ್ಚಾಗಿದ್ದಾರೆ. ವಾರಪತ್ರಿಕೆಯ ಮಹಿಳಾ ಪುಟ ತೆರೆದರೂ, ಮೊಬೈಲ್ ತೆರೆದರೂ ಒಂದೇ ಉಪದೇಶ: ನಿಮ್ಮ ಬಗ್ಗೆಯೂ ಸ್ವಲ್ಪ ಕಾಳಜಿ ವಹಿಸಿಕೊಳ್ಳಿ. ಕೇಳಲು ಹಿತವಾದ ಮಾತು. ಅದರ ಹಿಂದೆಯೇ ಪಟ್ಟಿ ಬರುತ್ತದೆ. ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಎದ್ದು ಪ್ರಾಣಾಯಾಮ ಮಾಡಿ. ವಾರಕ್ಕೊಮ್ಮೆ ಮುಖಕ್ಕೆ ಕಡಲೆಹಿಟ್ಟು, ಮೊಸರು ಹಚ್ಚಿ. ರಾತ್ರಿ ಎಲ್ಲ ಕೆಲಸ ಮುಗಿದ ಮೇಲೆ ಹತ್ತು ನಿಮಿಷ ದಿನಚರಿ ಬರೆಯಿರಿ.

ಐದಕ್ಕೆ ಏಳುವವಳು ಇನ್ನು ಮೇಲೆ ನಾಲ್ಕೂವರೆಗೆ ಏಳಬೇಕಂತೆ! ಆ ಅರ್ಧ ಗಂಟೆ ಯಾರ ಗಂಟಿನಿಂದ ಬಂತು? ಗಂಡ ಪೇಪರ್ ಓದುವ ಹೊತ್ತಿನಿಂದ ಬರಲಿಲ್ಲ, ಮಗ ಮೊಬೈಲ್ ನೋಡುವ ಹೊತ್ತಿನಿಂದಲೂ ಬರಲಿಲ್ಲ. ಅವಳ ನಿದ್ದೆಯನ್ನೇ ಕತ್ತರಿಸಿ ಅವಳಿಗೇ ಉಡುಗೊರೆ ಕೊಟ್ಟಂತಾಯಿತು. ದೊಡ್ಡವರಿಗೆ ರಾತ್ರಿ ಕಡೇಪಕ್ಷ 7 ಗಂಟೆ ನಿದ್ದೆ ಬೇಕೆಂದು ವೈದ್ಯರು ಹೇಳುತ್ತಾರೆ. ಹನ್ನೊಂದಕ್ಕೆ ಮಲಗುವವಳಿಗೆ ಆರು ಗಂಟೆಯಾದರೂ ಸಿಗುತ್ತಿತ್ತು. ಈ ಆರೈಕೆಯ ದೆಸೆಯಿಂದ ಅದೂ ಐದೂವರೆಗೆ ಇಳಿಯಿತು.

ನಮ್ಮ ದೇಶದಲ್ಲಿ ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆಂದು ಕೇಂದ್ರ ಸರ್ಕಾರ 2024ರಲ್ಲಿ ಸಮೀಕ್ಷೆ ಮಾಡಿಸಿತು. ಮನೆಗೆಲಸ ಮಾಡುವ ಹೆಂಗಸು ಸಂಬಳವಿಲ್ಲದ ಆ ಕೆಲಸಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾಳೆ. ಮನೆಗೆಲಸ ಮಾಡುವ ಗಂಡಸು ಕೊಡುವುದು 88 ನಿಮಿಷ. ಗಮನಿಸಿ, ಇದು ಕೆಲಸಕ್ಕೆ ಕೈ ಹಾಕುವ ಗಂಡಸರ ಲೆಕ್ಕ. ಕೈ ಹಾಕದವರು ಈ ಸರಾಸರಿಯೊಳಗೆ ಬರುವುದೇ ಇಲ್ಲ. ಹೆಚ್ಚುಕಡಿಮೆ ಐದು ಗಂಟೆಯ ದುಡಿಮೆಯನ್ನು ಯಾರೂ ಮುಟ್ಟದೆ, ಅದರ ಮೇಲೊಂದು ಪ್ರಾಣಾಯಾಮ ಇಟ್ಟರೆ ಅದನ್ನು ಆರೈಕೆ ಎನ್ನಲು ನನಗೆ ಬಾಯಿ ಬರುವುದಿಲ್ಲ. ಅದು ಇನ್ನೊಂದು ಕೆಲಸ, ಅಷ್ಟೆ.

ನಾನು ಕನ್ನಡ ಪಾಠ ಮಾಡುವವಳು. ಪ್ರತಿವರ್ಷ 'ನನ್ನ ತಾಯಿ' ಎಂಬ ಪ್ರಬಂಧದ ಕಟ್ಟು ನನ್ನ ಮೇಜಿಗೆ ಬರುತ್ತದೆ. ಐವತ್ತು ಮಕ್ಕಳ ಐವತ್ತು ಅಮ್ಮಂದಿರು ಒಬ್ಬಳೇ ಅಮ್ಮನಂತಿರುತ್ತಾರೆ. ನನ್ನ ತಾಯಿ ಎಲ್ಲರಿಗಿಂತ ಮೊದಲು ಏಳುತ್ತಾಳೆ, ಎಲ್ಲರೂ ಮಲಗಿದ ಮೇಲೆ ಮಲಗುತ್ತಾಳೆ, ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುತ್ತಾಳೆ, ಆದ್ದರಿಂದ ಅವಳು ದೇವರು. ಈ ವಾಕ್ಯಗಳ ಪಕ್ಕದಲ್ಲಿ ನಾನು ಕೆಂಪು ಶಾಯಿಯಲ್ಲಿ 'ಏಕೆ?' ಎಂದು ಬರೆಯುತ್ತೇನೆ. ಒಬ್ಬ ಹುಡುಗ ಪುಸ್ತಕ ಹಿಡಿದು ಬಂದ. "ಮಿಸ್, ಸ್ಪೆಲಿಂಗ್ ತಪ್ಪಾಗಿದ್ಯಾ?" ಎಂದು ಕೇಳಿದ. ಸ್ಪೆಲಿಂಗ್ ಸರಿಯಾಗಿಯೇ ಇತ್ತು.

ಆ ಕೊನೆಯ ಊಟದ ಮಾತನ್ನೇ ಹೇಳಬೇಕು. ಮನೆಯಲ್ಲಿ ಬಸ್ಸಾರು ಮಾಡಿದ್ದಾರೆ ಎನ್ನಿ. ಸೊಪ್ಪು, ಕಾಳು ಬಸಿದು ಒಗ್ಗರಣೆ ಹಾಕಿದ ಪಲ್ಯ ಮೊದಲ ಪಂಕ್ತಿಯಲ್ಲೇ ಮುಕ್ಕಾಲು ಖಾಲಿ. ಮಗ ಇನ್ನೊಂದು ಸಲ ಕೇಳುತ್ತಾನೆ, ಉಳಿದದ್ದೂ ಅವನ ತಟ್ಟೆಗೆ. ಅಮ್ಮ ಕೂರುವ ಹೊತ್ತಿಗೆ ಅರ್ಧ ಮುದ್ದೆ, ಮೇಲೆ ತಿಳಿ ಸಾರು. ಮೊಟ್ಟೆ ಬೇಯಿಸಿದ್ದರೆ ಮನೆಯವರ ತಲೆ ಎಣಿಸಿ ಬೇಯಿಸಿರುತ್ತಾಳೆ, ಆ ಎಣಿಕೆಯಲ್ಲಿ ತನ್ನ ತಲೆಯನ್ನು ಬಿಟ್ಟಿರುತ್ತಾಳೆ. ಆಮೇಲೆ "ನಂಗ್ಯಾಕೋ ಹಸಿವೇ ಇಲ್ಲ ಕಣ್ರೀ" ಎಂದು ಒಂದು ಲೋಟ ಕಾಫಿ. ಸೊಪ್ಪು ಕಾಳಿನಲ್ಲಿದ್ದ ಅಷ್ಟಿಷ್ಟು ಕಬ್ಬಿಣಾಂಶವೂ ಮೈಗೆ ಹತ್ತದಂತೆ ತಡೆಯುವುದರಲ್ಲಿ ಊಟದ ಜೊತೆಗಿನ ಕಾಫಿ, ಟೀ ಎರಡೂ ನಿಸ್ಸೀಮ. ಅದರ ಬದಲು ತಟ್ಟೆಗೆ ಒಂದು ಹೋಳು ನಿಂಬೆಹಣ್ಣು ಹಿಂಡಿಕೊಂಡರೆ, ಊಟದ ಜೊತೆಗೆ ಒಂದು ಸೀಬೆಹಣ್ಣು ತಿಂದರೆ ಕಬ್ಬಿಣಾಂಶ ಚೆನ್ನಾಗಿ ಹಿಡಿಯುತ್ತದೆ. ಕಾಫಿಯನ್ನು ಬಿಡಿ ಎನ್ನುವಷ್ಟು ಕಟುಕಿ ನಾನಲ್ಲ. ಒಂದು ಗಂಟೆ ಬಿಟ್ಟು ಕುಡಿಯಿರಿ.

ತಿಂಗಳು ತಿಂಗಳು ರಕ್ತ ಹೋಗುವುದು ಹೆಂಗಸಿಗೆ. ಹೊತ್ತು ಹೆರುವುದು ಹೆಂಗಸು. ಕಬ್ಬಿಣಾಂಶ ಹೆಚ್ಚು ಬೇಕಾದವಳು ಅವಳು, ತಟ್ಟೆಯ ಸರದಿಯಲ್ಲಿ ಕೊನೆಯವಳೂ ಅವಳೇ. ಇದರ ಫಲ ಸರ್ಕಾರದ ಲೆಕ್ಕದಲ್ಲೇ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಕಂಡುಬಂತು. ಅದೇ ವಯಸ್ಸಿನ ಗಂಡಸರಲ್ಲಿ 25. ನಮ್ಮ ಕರ್ನಾಟಕದ ಹೆಂಗಸರದು ಸುಮಾರು 48. ತಾಯಂದಿರ ಸಭೆಗೆ ಬಂದು ಬೆಂಚಿಗೆ ಒರಗಿ ಕೂರುವವರಲ್ಲಿ ಹೆಚ್ಚುಕಡಿಮೆ ಇಬ್ಬರಿಗೆ ಒಬ್ಬರು! ಮೆಟ್ಟಿಲು ಹತ್ತಿದರೆ ಏದುಸಿರು, ಸಂಜೆಯಾದರೆ ತಲೆನೋವು, ಸುಮ್ಮಸುಮ್ಮನೆ ಮಕ್ಕಳ ಮೇಲೆ ರೇಗು. ಮನೆಯವರು ಇದಕ್ಕೆ 'ಅವಳ ಸ್ವಭಾವ' ಎಂದು ಹೆಸರಿಟ್ಟಿರುತ್ತಾರೆ.

ಸರ್ಕಾರಿ ಶಾಲೆಯಲ್ಲಿ ಆರನೇ ತರಗತಿಯಿಂದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ ಕೊಡುವ ಯೋಜನೆಯಿದೆ. ಹುಡುಗಿ ನಮ್ಮೆದುರೇ ನುಂಗಬೇಕು, ನಾವು ಗುರುತು ಹಾಕಬೇಕು. ಅದೇ ಹುಡುಗಿ ಮದುವೆಯಾಗಿ ಎರಡು ಹೆತ್ತ ಮೇಲೆ ಗುರುತು ಹಾಕುವವರು ಯಾರು? 2018ರ ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಇಪ್ಪತ್ತರಿಂದ ನಲವತ್ತೊಂಬತ್ತರ ಹೆಂಗಸರಿಗೂ ವಾರಕ್ಕೊಂದು ಕೆಂಪು ಮಾತ್ರೆ ಎಂದು ಬರೆದಿದೆ. ನಮ್ಮ ಸಭೆಯಲ್ಲಿ ಕೇಳಿದೆ, ಬಾಣಂತನ ಮುಗಿದ ಮೇಲೆ ಆ ಮಾತ್ರೆ ಕಂಡವರು ಒಬ್ಬರೂ ಇರಲಿಲ್ಲ. ಆಶಾ ಕಾರ್ಯಕರ್ತೆಯನ್ನು ಕೇಳಿ ಪಡೆಯುವುದು ನಾಚಿಕೆಯ ವಿಷಯವಲ್ಲ.

ಅದೇ ಸಭೆಯಲ್ಲಿ ಇನ್ನೊಂದನ್ನೂ ಕೇಳಿದ್ದೆ. 2023ರಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಬರತೊಡಗಿದಾಗ ನಿಮಗಾಗಿ ಏನು ಕೊಂಡಿರಿ? ಗ್ಯಾಸ್ ಎಂದರು, ಚೀಟಿ ಎಂದರು, ಮಗನ ಟ್ಯೂಷನ್ ಎಂದರು. ಹಿಂದಿನ ಬೆಂಚಿನ ಒಬ್ಬಳು ಮಾತ್ರ, "ಒಂದ್ಸಲ ಹೋಟ್ಲಲ್ಲಿ ಮಸಾಲೆದೋಸೆ ತಿಂದೆ, ಮೇಡಂ" ಎಂದಳು. ಎಲ್ಲರೂ ನಕ್ಕರು, ಅವಳು ತಲೆ ತಗ್ಗಿಸಿದಳು. ದೋಸೆ ತಿಂದದ್ದಕ್ಕೆ ತಲೆ ತಗ್ಗಿಸಬೇಕೆಂದು ಅವಳಿಗೆ ಕಲಿಸಿದವರ ಮೇಲೆ ನನ್ನ ಸಿಟ್ಟು.

ದುಡಿಯಲು ಹೋಗುವ ತಾಯಿಯದು ಇನ್ನೊಂದು ಪಾಡು. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಶಿಕ್ಷಕಿಯರ ಶೌಚಾಲಯಕ್ಕೆ ಬಾಗಿಲಿತ್ತು, ಚಿಲಕ ಇರಲಿಲ್ಲ. ನೀರೂ ಇರಲಿಲ್ಲ. ಆದ್ದರಿಂದ ನಾವು ಐವರೂ ಬೆಳಿಗ್ಗೆ ಒಂಬತ್ತರಿಂದ ಸಂಜೆ ಐದರವರೆಗೆ ನೀರು ಕುಡಿಯುತ್ತಿರಲಿಲ್ಲ. ಐವರಲ್ಲಿ ಮೂವರಿಗೆ ವರ್ಷಕ್ಕೆರಡು ಸಲ ಉರಿಮೂತ್ರ. ದಿನಕ್ಕೆ ಎಂಟು ಲೋಟ ನೀರು ಕುಡಿಯಿರಿ ಎಂದು ಬರೆಯುವವರು ಒಂದು ಚಿಲಕದ ಬಗ್ಗೆಯೂ ಬರೆಯಬಾರದೇ? ಅರ್ಜಿ ಮೇಲೆ ಅರ್ಜಿ ಕೊಟ್ಟು, ಕೊನೆಗೆ ನಾವೇ ತಲೆಗಿಷ್ಟು ಹಾಕಿ ಚಿಲಕ ಜಡಿಸಿದೆವು.

ಇಷ್ಟು ಹೇಳಿದರೆ ಹಿರಿಯರಲ್ಲಿ ಯಾರಾದರೂ ಎದ್ದು, "ನಾವು ಏಳು ಹೆತ್ತು ಸಾಕಲಿಲ್ಲವೇನೇ? ನಮಗ್ಯಾವ ಆರೈಕೆ ಇತ್ತು?" ಎನ್ನುತ್ತಾರೆ. ಹೀಗೆ ಕೇಳುವವರು ಬದುಕಿ ಉಳಿದವರು. ಉಳಿಯದವರು ಬಂದು ಸಾಕ್ಷಿ ಹೇಳಲಾರರು. ಕಾದಂಬರಿಗಾರ್ತಿ ತ್ರಿವೇಣಿಯವರು 1963ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ತುಂಬಿರಲಿಲ್ಲ. ಅದೂ ಅಲ್ಲದೆ ನಮ್ಮ ಅಜ್ಜಿಯರಿಗೆ ಮೂರು ತಿಂಗಳ ಬಾಣಂತನವಾದರೂ ಇತ್ತು. ಎಣ್ಣೆ, ನೀರು, ಕೂತಲ್ಲಿಗೆ ಬಿಸಿ ಅನ್ನ. ಮನೆ ತುಂಬ ಓರಗಿತ್ತಿಯರಿದ್ದರು. ಇವತ್ತಿನವಳಿಗೆ ಕುಕ್ಕರ್ ಇದೆ, ಮಿಕ್ಸಿ ಇದೆ, ಇನ್ನೊಂದು ಜೊತೆ ಕೈ ಇಲ್ಲ.

ಮನಸ್ಸಿನ ಮಾತನ್ನೂ ಬಿಡಲಾಗದು. ಅದೇ ತ್ರಿವೇಣಿಯವರ 'ಶರಪಂಜರ'ದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ಸಿಕ್ಕವಳು. ಗುಣವಾಗಿ ಬಂದ ಮೇಲೂ ಮನೆಯವರು ಅವಳನ್ನು ಹುಚ್ಚಿಯಂತೆಯೇ ಕಂಡರು. ಕಾದಂಬರಿ ಬಂದು ಅರವತ್ತು ವರ್ಷ ದಾಟಿದರೂ ಬಾಣಂತಿ ಕಾರಣವಿಲ್ಲದೆ ಅತ್ತರೆ 'ಗಾಳಿ ಸೋಕಿದೆ' ಎಂದು ತಾಯತ ಕಟ್ಟಿಸುವ ಮನೆಗಳಿವೆ. 2022ರಲ್ಲಿ ಶುರುವಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಫೋನ್ ಮಾಡಿದರೆ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು. ಗ್ಯಾಸ್ ಬುಕ್ ಮಾಡುವ ನಂಬರಿನ ಪಕ್ಕದಲ್ಲಿ ಅದನ್ನೂ ಬರೆದಿಡಿ.

ಹಾಗಾದರೆ ನೀವು ಕೇಳುವುದೇನು ಎಂದರೆ, ದೊಡ್ಡದೇನಲ್ಲ. ಪಾತ್ರೆಗಳನ್ನು ನಡುವೆ ಇಟ್ಟು ಎಲ್ಲರೂ ಒಟ್ಟಿಗೆ ಕೂತು ಬಡಿಸಿಕೊಳ್ಳಿ. ಬಿಸಿ ದೋಸೆಯ ದಿನ ಗಂಡನೋ ಮಗನೋ ಕೊನೆಯ ನಾಲ್ಕು ಹುಯ್ಯಲಿ, ವಕ್ರವಾದರೆ ಆಗಲಿ. ಥೈರಾಯ್ಡ್ ಮಾತ್ರೆ ನುಂಗುವ ತಾಯಿಗೆ ಬರಿ ಹೊಟ್ಟೆಯಲ್ಲಿ ಅರ್ಧ ಗಂಟೆಯಾದರೂ ಕಾಫಿಯಿಲ್ಲದೆ ಇರಬೇಕು. ಆ ಹೊತ್ತಿನಲ್ಲಿ ಹಾಲು ಕಾಯಿಸುವವರು ಬೇರೆಯವರಾಗಲಿ. ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ನೋಡಿಸಿ. ಬಸುರಿಯಲ್ಲದ ಹೆಂಗಸಿಗೆ 12 ಗ್ರಾಂಗಿಂತ ಕಡಿಮೆಯಿದ್ದರೆ ರಕ್ತಹೀನತೆ ಎಂದೇ ಲೆಕ್ಕ. ಗಾಡಿಯ ಸರ್ವೀಸಿನ ತಾರೀಕು ನೆನಪಿಡುವ ಮನೆಗೆ ಇದನ್ನು ನೆನಪಿಡುವುದು ಭಾರವಾಗದು.

ಇದನ್ನೆಲ್ಲ ತಾಯಂದಿರಿಗೇ ಹೇಳಿ ಹೇಳಿ ಸಾಕಾಗಿದೆ. ಬರುವ ತಿಂಗಳ ತಾಯಂದಿರ ಸಭೆಯ ಚೀಟಿಯಲ್ಲಿ 'ತಂದೆಯರು ತಪ್ಪದೆ ಬರಬೇಕು' ಎಂದು ಬರೆಸಿ ಮಕ್ಕಳ ಕೈಲಿ ಕಳಿಸಿದ್ದೇನೆ. "ಅಪ್ಪಂಗೆ ಕೆಲ್ಸ ಐತೆ ಮಿಸ್" ಎಂದು ಆಗಲೇ ಇಬ್ಬರು ಬಂದು ಹೇಳಿ ಹೋದರು.