ಅರೋವನ: ಮರಿ ಕೊಳ್ಳುವ ಮೊದಲು ಜಾಗ ಅಳೆಯಿರಿ

ಅಲಂಕಾರ ಮೀನಿನ ಅಂಗಡಿಗಳು ಈಗ ನಮ್ಮ ಸಣ್ಣ ಪೇಟೆಗಳಿಗೂ ಬಂದಿವೆ. ಅಲ್ಲಿ ಗೇಣಿಗಿಂತ ಚಿಕ್ಕದಾದ, ಬೆಳ್ಳಿ ತಗಡಿನಂತೆ ಹೊಳೆಯುವ ಅರೋವನ ಮರಿ ಕಂಡರೆ ಮಕ್ಕಳು ಬಿಡುವುದಿಲ್ಲ. 'ಅದೃಷ್ಟದ ಮೀನು, ಮನೆಗೆ ಒಳ್ಳೇದು' ಅಂತ ಅಂಗಡಿಯವರೂ ಒಂದು ಮಾತು ಸೇರಿಸುತ್ತಾರೆ. ಅದೃಷ್ಟದ ವಿಚಾರ ಹಾಗಿರಲಿ. ನಮ್ಮಲ್ಲಿ ಈ ಮೀನು ಆರು ವರ್ಷದಿಂದ ಇದೆ. ನನ್ನ ಅಭಿಪ್ರಾಯ ಇಷ್ಟು: ಮೇವಿನ ಮಟ್ಟಿಗೆ ಇದು ಕೃಷಿಕರ ಮನೆಗೆ ಹೇಳಿ ಮಾಡಿಸಿದ ಮೀನು. ಆದರೆ ದೊಡ್ಡ ತೊಟ್ಟಿಗೆ ಜಾಗ ಇಲ್ಲದವರು ಮರಿಯ ಆಸೆಗೆ ಬೀಳಲೇಬಾರದು.

ಯಾವ ಅರೋವನ?

ಅಗ್ಗಕ್ಕೆ ಸಿಗುವುದು ಬೆಳ್ಳಿ ಅರೋವನ. ಇದು ಅಮೆಜಾನ್ ನದಿ ಸೀಮೆಯದ್ದು. ಕೆಂಪು, ಬಂಗಾರ ಬಣ್ಣದ್ದು ಏಷ್ಯಾ ಅರೋವನ. ಇಂಡೋನೇಷ್ಯಾ, ಮಲೇಷ್ಯಾ ಕಡೆಯದ್ದು. ಅದು ವನ್ಯಜೀವಿ ವ್ಯಾಪಾರದ ಸೈಟಿಸ್ ಒಪ್ಪಂದದ ಒಂದನೇ ಪಟ್ಟಿಯಲ್ಲಿದೆ. ನಮ್ಮ ವನ್ಯಜೀವಿ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಅಂಥದ್ದನ್ನು ಸಾಕುವವರು ನೋಂದಣಿ ಮಾಡಿಸಬೇಕು. ಕಾಗದಪತ್ರ ಇಲ್ಲದ್ದು ಎಷ್ಟು ಅಗ್ಗವಾದರೂ ಬೇಡ. ಮುಂದೆ ಹೇಳುವುದೆಲ್ಲ ಬೆಳ್ಳಿ ಅರೋವನದ ಮಾತು.

ಈ ಜಾತಿಯಲ್ಲಿ ಮೊಟ್ಟೆ, ಮರಿಗಳನ್ನು ಬಾಯಲ್ಲಿಟ್ಟು ಕಾಯುವುದು ಗಂಡು. ಹುಟ್ಟಿದ ಮರಿಯ ಹೊಟ್ಟೆಗೆ ಹಳದಿ ಚೀಲ ಅಂಟಿಕೊಂಡಿರುತ್ತದೆ. ಅದು ಕರಗುವ ತನಕ ಅದೇ ಅದರ ಊಟ. ಚೀಲ ಇರುವ ಮರಿ ಕೊಟ್ಟರೆ ತರಬೇಡಿ. ಚೀಲ ಪೂರ್ತಿ ಕರಗಿ, ನಿಮ್ಮೆದುರೇ ಮೇವು ಹಿಡಿಯುವ ಮರಿಯನ್ನೇ ಆರಿಸಿ.

ಮೇವು ನಮ್ಮ ಅಂಗಳದಲ್ಲೇ

ಅರೋವನದ ಬಾಯಿ ಮೇಲ್ಮುಖ. ನೀರಿನ ಮೇಲೆ ಬಿದ್ದದ್ದನ್ನು ಹಿಡಿಯಲೆಂದೇ ಆದ ಬಾಯಿ. ಅಮೆಜಾನಿನಲ್ಲಿ ಅದು ನೀರಿಂದ ಮೇಲಕ್ಕೆ ಹಾರಿ ಕೊಂಬೆಯ ಹುಳ ಹಿಡಿಯುತ್ತದೆ. ಹಾಗಾಗಿ ಮಿಡತೆ, ಮಳೆ ಬಂದ ಸಂಜೆ ದೀಪಕ್ಕೆ ಮುತ್ತುವ ರೆಕ್ಕೆಗೆದ್ದಲು, ಸಿಪ್ಪೆ ಸುಲಿದ ಹಸಿ ಸಿಗಡಿಯ ಚೂರು ಎಲ್ಲ ಆಗುತ್ತದೆ. ಮಿಡತೆಯ ಮುಳ್ಳಿರುವ ಹಿಂಗಾಲು ಮುರಿದು ಹಾಕಿ. ಉಪ್ಪು ಹಾಕಿದ ಒಣಸಿಗಡಿ ಬೇಡ.

ಮರಿಗೆ ದಿನಕ್ಕೆ ಎರಡು ಮೂರು ಸಲ, ಬಾಯಿಗೆ ಹಿಡಿಯುವಷ್ಟೇ ಚೂರು. ಒಂದು ಅಡಿ ಆದ ಮೇಲೆ ದಿನಕ್ಕೆ ಒಂದು ಸಲ ಸಾಕು. ಉಳಿದದ್ದನ್ನು ಕೂಡಲೇ ತೆಗೆಯಿರಿ. ಕೊಳೆತರೆ ನೀರು ಕೆಟ್ಟಿತು. ತೇಲುವ ಗುಳಿಗೆ ಮೇವನ್ನೂ ಮರಿಯಲ್ಲೇ ರೂಢಿ ಮಾಡಿಸುವುದು ಒಳ್ಳೆಯದು. ಬರೀ ಹುಳ ತಿಂದು ಬೆಳೆದದ್ದು ಆಮೇಲೆ ಗುಳಿಗೆಯತ್ತ ತಿರುಗಿಯೂ ನೋಡುವುದಿಲ್ಲ. ಅಂಗಡಿಯಿಂದ ಜೀವಂತ ಸಣ್ಣ ಮೀನು ತಂದು ಹಾಕುವವರಿದ್ದಾರೆ. ಅದರ ಜೊತೆಗೆ ರೋಗವನ್ನೂ ತಂದಂತೆ.

ಒಂದು ಎಚ್ಚರಿಕೆ ನಮ್ಮಂಥ ಅಡಿಕೆಯವರಿಗೇ ಸೇರಿದ್ದು. ಬೋರ್ಡೋ ಹೊಡೆದ ತೋಟದ, ಕೀಟನಾಶಕ ಬಿದ್ದ ಗದ್ದೆಯ ಹುಳ ಕೊಡಲೇಬೇಡಿ. ಮೈಲುತುತ್ತಿನ ತಾಮ್ರ ಮೀನಿಗೆ ವಿಷ. ಮೆದು ನೀರಿನಲ್ಲಿ ಅದರ ವಿಷ ಇನ್ನೂ ಜೋರು. ನಮ್ಮ ಮುರಕಲ್ಲಿನ ಬಾವಿಗಳದ್ದು ಮೆದು ನೀರೇ. ಔಷಧಿ ಕಲಸಿದ ಕೊಡಪಾನದಲ್ಲಿ ತೊಟ್ಟಿಗೆ ನೀರು ತುಂಬಿಸುವ ಕೆಲಸ ಯಾರೂ ಮಾಡಬಾರದು.

ಮನೆ ದೊಡ್ಡದು ಬೇಕು

'ತೊಟ್ಟಿ ಸಣ್ಣದಾದರೆ ಮೀನೂ ಸಣ್ಣದಾಗಿಯೇ ಉಳೀತದೆ' ಅಂತ ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಸಣ್ಣ ತೊಟ್ಟಿಯಲ್ಲಿ ಅದು ನರಳುತ್ತದೆ. ಇಕ್ಕಟ್ಟಿನಲ್ಲಿ, ಕೆಟ್ಟ ನೀರಿನಲ್ಲಿ ಕಿವಿರಿನ ಮುಚ್ಚಳ ಹೊರಕ್ಕೆ ಸುರುಳಿ ಸುತ್ತುತ್ತದೆ. ಹಟ್ಟಿ ಸಣ್ಣದು ಅಂತ ಕರು ಬೆಳೆಯದೆ ಉಳಿಯುತ್ತದೆಯೇ?

ಲೆಕ್ಕ ನೋಡಿ. ಒಂದು ಘನ ಅಡಿಗೆ ಸುಮಾರು 28 ಲೀಟರು ನೀರು. ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ ಮತ್ತು ಎತ್ತರದ ಗಾಜಿನ ತೊಟ್ಟಿಗೆ 190 ಲೀಟರು. ಮರಿಗೆ ಇದು ಕೆಲವು ತಿಂಗಳು ಮಾತ್ರ ಸಾಕು. ಒಳ್ಳೆ ಮೇವು ಸಿಕ್ಕರೆ ವರ್ಷದಲ್ಲಿ ಮೀನು ಒಂದು ಅಡಿ ದಾಟುತ್ತದೆ, ಮುಂದೆ ಎರಡು ಅಡಿಯನ್ನೂ ಮೀರುತ್ತದೆ. ಆಗ ಆರು ಅಡಿ ಉದ್ದ, ಎರಡೂವರೆ ಅಡಿ ಅಗಲ, ಎರಡು ಅಡಿ ಎತ್ತರ ಬೇಕು. ಅಂದರೆ 840 ಲೀಟರು, ನೀರಿನ ಭಾರವೇ 840 ಕಿಲೋ! ಅಟ್ಟದ ಮೇಲೆ ಇಡುವ ಸಾಮಾನಲ್ಲ. ಉದ್ದದಷ್ಟೇ ಅಗಲವೂ ಮುಖ್ಯ. ಮೀನಿಗೆ ತಿರುಗಲು ಆಗಬೇಕಲ್ಲ. ಜಗಲಿಯಲ್ಲಿ ಸಿಮೆಂಟಿನ ತೊಟ್ಟಿ ಕಟ್ಟಿದರೂ ಆದೀತು. ಆದರೆ ಹೊಸ ಸಿಮೆಂಟಿನ ಖಾರ ಹೋಗುವ ತನಕ ನೀರು ತುಂಬಿಸಿ ಚೆಲ್ಲುತ್ತಾ ಇರಬೇಕು.

ಮರಿಯಿಂದಲೇ ಭದ್ರವಾದ ಮುಚ್ಚಳ ಇರಲಿ, ಮೇಲೆ ಭಾರವೂ ಇರಲಿ. ರಾತ್ರಿ ಸರಕ್ಕನೆ ದೀಪ ಹಾಕಿದರೂ ಬೆಚ್ಚಿ ಹಾರುವ ಪ್ರಾಣಿ ಇದು. ಬೆಳಿಗ್ಗೆ ನೆಲದ ಮೇಲೆ ಒಣಗಿದ ಮೀನು ನೋಡುವ ಸಂಕಟ ಯಾರಿಗೂ ಬೇಡ.

ನೀರು

ಬಾವಿ ನೀರಿನಲ್ಲಿ ಕ್ಲೋರಿನ್ ಇಲ್ಲ, ಅದು ನಮ್ಮ ಲಾಭ. ಮೆದು, ಸ್ವಲ್ಪ ಹುಳಿಯ ನೀರು ಈ ಮೀನಿಗೆ ಹಿತ. ಆದರೆ ಪಿಎಚ್ ಆರಕ್ಕಿಂತ ಕೆಳಗಿಳಿದರೆ ಫಿಲ್ಟರಿನೊಳಗೆ ಹೊಲಸನ್ನು ಕರಗಿಸುವ ಸೂಕ್ಷ್ಮಜೀವಿಗಳ ಕೆಲಸ ನಿಧಾನವಾಗುತ್ತದೆ. ಫಿಲ್ಟರಿನಲ್ಲಿ ಒಂದು ಹಿಡಿ ಕಡಲ ಚಿಪ್ಪು ಇಟ್ಟರೆ ಅದಕ್ಕೆ ತಡೆ. ಹೊಸ ತೊಟ್ಟಿಯಲ್ಲಿ ಆ ಸೂಕ್ಷ್ಮಜೀವಿಗಳು ನೆಲೆಯೂರಲು ನಾಲ್ಕಾರು ವಾರ ಬೇಕು. ಬೋರ್‌ವೆಲ್ ನೀರಾದರೆ ಒಂದು ದಿನ ಗಾಳಿಗೆ ತೆರೆದಿಟ್ಟು ಬಳಸಿ. ವಾರಕ್ಕೊಮ್ಮೆ ಕಾಲು ಭಾಗ ಬದಲಿಸಿ, ತೆಗೆದ ನೀರನ್ನು ತರಕಾರಿ ಬುಡಕ್ಕೆ ಹಾಕಿ. ನೀರಿನ ಬಿಸಿ 24ರಿಂದ 30 ಡಿಗ್ರಿ ಇರಬೇಕು; ಮಲೆನಾಡಿನ ಚಳಿಗೆ ಹೀಟರು ಬೇಕಾದೀತು. ಹಳ್ಳಿಯ ಕರೆಂಟನ್ನು ನಂಬುವಂತಿಲ್ಲ. ಬ್ಯಾಟರಿಯಲ್ಲಿ ಓಡುವ ಗಾಳಿಪಂಪು ಒಂದಿರಲಿ.

ಕೆರೆಗೆ ಬಿಡಬೇಡಿ

ಪೇಟೆಯವರಿಗಿಲ್ಲದ ಒಂದು ಅಪಾಯ ನಮ್ಮಲ್ಲಿದೆ. ಮೀನು ದೊಡ್ಡದಾಯಿತೆಂದರೆ 'ಕೆರೆ ಉಂಟಲ್ಲ, ಬಿಟ್ಟರಾಯಿತು' ಅಂತ ಮನಸ್ಸು ಹೇಳುತ್ತದೆ. ಆಟಿಯ ಮಳೆಗೆ ಕೆರೆ ತುಂಬಿದರೆ ನೀರು ತೋಡಿಗೆ, ತೋಡಿನಿಂದ ಹೊಳೆಗೆ. ಮೀನೂ ಅದರ ಜೊತೆಗೇ. 2018ರ ಕೇರಳದ ನೆರೆಯ ನಂತರ ಅಲ್ಲಿನ ಹೊಳೆಗಳಲ್ಲಿ ಬಲೆಗೆ ಬಿದ್ದದ್ದು ಯಾವುದು? ಅರೋವನದ ದೂರದ ನೆಂಟ, ಅಮೆಜಾನಿನದ್ದೇ ಆದ ದೈತ್ಯ ಅರಪೈಮ. ಯಾರೋ ಸಾಕಿದ್ದು ನೆರೆಯಲ್ಲಿ ತಪ್ಪಿಸಿಕೊಂಡದ್ದಲ್ಲದೆ ಅದು ಅಲ್ಲಿಗೆ ಬರುವ ದಾರಿ ಬೇರೆ ಇಲ್ಲ. ನಮ್ಮ ಹೊಳೆಗಳ ಸಣ್ಣ ಮೀನುಗಳಿಗೆ ಈಗಿರುವ ಕಷ್ಟವೇ ಸಾಕು. ನಾವು ತಂದದ್ದು ನಮ್ಮ ಹೊಣೆ. ಇಟ್ಟುಕೊಳ್ಳಲು ಆಗದಿದ್ದರೆ ಅಂಗಡಿಗೆ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

ಹಾಗಾದರೆ ಸಾಕಲೇಬಾರದೇ? ಜಾಗ, ನೀರು, ತಾಳ್ಮೆ ಇದ್ದವರು ಧಾರಾಳ ಸಾಕಲಿ. ಮಿಡತೆ ಹಿಡಿಯುವ ಕೆಲಸ ಮಕ್ಕಳಿಗೆ ಕೊಡಿ. ಮೊಬೈಲಿನಿಂದ ಸ್ವಲ್ಪ ಹೊತ್ತಾದರೂ ತೋಟಕ್ಕೆ ಇಳಿದಾರು. ಈ ಮೀನು ಹತ್ತು ವರ್ಷ ದಾಟಿ ಬದುಕಬಲ್ಲದು. ದನ ತರುವ ಮೊದಲು ಹಟ್ಟಿ, ಹುಲ್ಲು ನೋಡುವವರು ನಾವು. ಮೀನಿಗೂ ಅದೇ ಲೆಕ್ಕ ಇರಲಿ.