ಕುಫ್ರಿ ತಲುಪದ ಶನಿವಾರ

ಶುಕ್ರವಾರ ರಾತ್ರಿ ಹನ್ನೊಂದೂವರೆಗೆ ಗ್ರೂಪ್‌ನಲ್ಲಿ ಮೆಸೇಜ್ ಬಂತು: ‘ಶಿಮ್ಲಾದಲ್ಲಿ ಹಿಮ ಬಿದ್ದಿದೆಯಂತೆ. ಬೆಳಗ್ಗೆ ಹೋಗಿ ರಾತ್ರಿ ವಾಪಸ್ ಬರೋಣ್ವಾ?’ ಹಾಕಿದ್ದು ಹಾಸನ.

ಮೊಹಾಲಿಯಲ್ಲಿ ಕೆಲಸ ಮಾಡೋ ನಾವು ಮೂವರು ಕನ್ನಡಿಗರು ಒಬ್ಬರನ್ನೊಬ್ಬರು ಕರೆಯೋದೇ ಊರಿನ ಹೆಸರಲ್ಲಿ. ಹಾಸನ, ರಾಯಚೂರು, ನಾನು ಶಿರಸಿ. ಎರಡು ಚಳಿಗಾಲ ಪ್ಲಾನ್ ಮಾಡಿ ಮಾಡಿ ಕೈಬಿಟ್ಟಿದ್ವಿ. ಈ ಸಲ ಪ್ಲಾನೇ ಇರಲಿಲ್ಲ, ಹಾಗಾಗಿ ಹೊರಟೇಬಿಟ್ವಿ.

ಚಂಡೀಗಢದಿಂದ ಶಿಮ್ಲಾ ಸುಮಾರು 115 ಕಿಲೋಮೀಟರ್. ಬೆಳಗ್ಗೆ ಐದಕ್ಕೆ ನನ್ನ ಹಳೇ ಕಾರು ಹೊರಟಿತು. ಪರವಾಣೂ ದಾಟಿದ ಮೇಲೆ ಘಾಟಿ ಶುರು. ಧರಂಪುರದ ಢಾಬಾದಲ್ಲಿ ಆಲೂ ಪರಾಠ, ಚಹಾ. ಸೋಲನ್ ದಾಟಿದ ಮೇಲೆ ರಾಯಚೂರು ಕಿಟಕಿ ಇಳಿಸಿ ಕೈ ಹೊರಗೆ ಹಾಕಿದ. ಮರುಕ್ಷಣ ಒಳಗೆ ಎಳ್ಕೊಂಡು, ‘ನಮ್ಮೂರಾಗ ಫ್ರಿಜ್ ಒಳಗೂ ಇಷ್ಟು ಥಂಡಿ ಇರಂಗಿಲ್ಲಲೇ’ ಅಂದ. ನಕ್ಕೂ ನಕ್ಕೂ ಸಾಕಾಯ್ತು. ಹಾಸನ ಮಾತ್ರ ಸುಮ್ಮನೆ ಕೂತಿದ್ದ. ನಿದ್ದೆ ಇಲ್ಲ ಅಂದ್ಕೊಂಡೆ.

ಶಿಮ್ಲಾ ದಾಟಿ ಢಲ್ಲಿ ಹತ್ರ ಬಂದಾಗ ದೇವದಾರು ಮರಗಳ ಮೇಲೆಲ್ಲ ಹಿಮ. ‘ಇಲ್ಲೇ ನಿಲ್ಸೋಣ ಕಣೋ, ಸಾಕು’ ಅಂದ ಹಾಸನ. ನಾನು ಕೇಳಲಿಲ್ಲ. ಇಷ್ಟು ದೂರ ಬಂದು ಕುಫ್ರಿ ನೋಡದೆ ಹೋಗೋದಾ?

ಸ್ವಲ್ಪ ಮುಂದೆ ಬಿಸಿಲು ಬೀಳದ ಒಂದು ತಿರುವು. ರಸ್ತೆ ಸುಮ್ಮನೆ ಒದ್ದೆಯಾಗಿದೆ ಅನ್ನಿಸಿತು. ಬ್ರೇಕ್ ಒತ್ತಿದೆ. ಚಕ್ರ ನಿಂತಿತು, ಕಾರು ನಿಲ್ಲಲಿಲ್ಲ. ಅಡ್ಡಡ್ಡವಾಗಿ ಕಣಿವೆ ಕಡೆಗೆ ಜಾರ್ತಾ ಹೋಯ್ತು. ಸ್ಟೀರಿಂಗ್ ಎತ್ತ ತಿರುಗಿಸಿದರೂ ಅಷ್ಟೇ. ಅಂಚಿನಲ್ಲಿ ಗುಡ್ಡೆ ಹಾಕಿದ್ದ ಹಿಮಕ್ಕೆ ಬಂಪರ್ ಗುದ್ದಿ ನಿಂತಿತು. ಆ ಗುಡ್ಡೆ ಇಲ್ಲದಿದ್ದರೆ ಈ ಅಂಕಣ ಇರ್ತಿರಲಿಲ್ಲ.

ಹಿಂದಿದ್ದ ಟ್ಯಾಕ್ಸಿಯವರು ಓಡಿ ಬಂದು, ‘ಬ್ರೇಕ್ ಮತ್ ಮಾರೋ ಭಾಯಿ’ ಅಂದ್ರು. ಹಗಲು ಕರಗಿದ ಹಿಮ ರಾತ್ರಿ ಗಟ್ಟಿಯಾಗಿ ಗಾಜಿನ ಹಾಗೆ ಅಂಟಿಕೊಳ್ಳುತ್ತೆ, ಕಣ್ಣಿಗೆ ಕಾಣಲ್ಲ. ಬೆಳ್ಳಗಿರೋ ಹಿಮಕ್ಕಿಂತ ಅದೇ ಅಪಾಯ. ಇಳಿಜಾರಲ್ಲಿ ಮೊದಲನೇ ಗೇರ್, ಕಾಲು ಬ್ರೇಕ್‌ನಿಂದ ದೂರ, ಮುಂದಿನ ಗಾಡಿಗೆ ಸಾಕಷ್ಟು ಅಂತರ. ಇಷ್ಟು ಹೇಳಿಕೊಟ್ಟು, ಚಕ್ರದ ಕೆಳಗೆ ಮಣ್ಣು ಹಾಕಿ, ಕಾರನ್ನ ಅವರೇ ತಿರುಗಿಸಿಕೊಟ್ರು. ಸಂಜೆ ಮತ್ತೆ ಹೆಪ್ಪುಗಟ್ಟೋ ಮುಂಚೆ ಇಳಿದುಬಿಡಿ ಅಂದ್ರು.

ಢಲ್ಲಿಗೆ ವಾಪಸ್ ಬಂದು ಚಹಾ ಹಿಡಿದಾಗ ನನ್ನ ಕೈ ಇನ್ನೂ ನಡುಗ್ತಿತ್ತು. ಆಗ ಹಾಸನ ಮೆಲ್ಲಗೆ ಹೇಳಿದ: ‘ಅಪ್ಪಂಗೆ ಲಕ್ವಾ ಹೊಡೆದಿದೆ ಕಣೋ. ಕೆಲಸ ಬಿಟ್ಟಿದ್ದೀನಿ. ಬುಧವಾರ ಊರಿಗೆ, ಇನ್ನು ವಾಪಸ್ ಬರಲ್ಲ. ಹೋಗೋ ಮುಂಚೆ ಒಂದ್ಸಲ ಹಿಮ ನೋಡ್ಬೇಕಿತ್ತು.’ ಸ್ವಲ್ಪ ಹೊತ್ತು ಬಿಟ್ಟು, ‘ಅಲ್ಲಿ ಬಿದ್ದಿದ್ರೆ ಅಪ್ಪನ್ನ ಯಾರು ನೋಡ್ಕೋತಿದ್ರು?’

ನನಗೆ ಉತ್ತರ ಇರಲಿಲ್ಲ. ‘ತಪ್ಪಾಯ್ತು’ ಅಂದೆ, ಅಷ್ಟೇ.

ಆಮೇಲೆ ರಸ್ತೆ ಪಕ್ಕದಲ್ಲೇ ಮೊಣಕಾಲುದ್ದ ಹಿಮದಲ್ಲಿ ನಿಂತು ಅವನು ಮನೆಗೆ ವಿಡಿಯೋ ಕಾಲ್ ಮಾಡಿದ. ಮಲಗಿದ್ದ ಅವರಪ್ಪ ಪರದೆ ನೋಡಿ, ತಡವರಿಸಿಕೊಂಡು ಹೇಳಿದ್ದು ಇಷ್ಟೇ: ‘ತಲೆಗೇನಾದ್ರೂ ಕಟ್ಕಳ್ಲಾ, ಶೀತ ಆಯ್ತದೆ.’ ರಾಯಚೂರು ತನ್ನ ಮಫ್ಲರ್ ಬಿಚ್ಚಿ ಅವನ ತಲೆಗೆ ಸುತ್ತಿದ. ಮೂರು ಗಂಟೆಯೊಳಗೆ ಶಿಮ್ಲಾ ಬಿಟ್ವಿ.

ನೀವೂ ಹೋಗ್ತೀರಾದ್ರೆ ಕಾರನ್ನ ಶಿಮ್ಲಾದಲ್ಲೇ ಬಿಟ್ಟು, ಮುಂದಕ್ಕೆ ಅಲ್ಲಿನ ಟ್ಯಾಕ್ಸಿ ಹಿಡೀರಿ. ಇನ್ನೊಂದು ಮಾತು. ಸುಮ್ಮನಿರೋ ಗೆಳೆಯ ಇದ್ದಕ್ಕಿದ್ದ ಹಾಗೆ ‘ಹೋಗೋಣ್ವಾ?’ ಅಂದ್ರೆ ಖಂಡಿತ ಹೋಗಿ. ದಾರೀಲಿ ಒಮ್ಮೆ ‘ಯಾಕೋ, ಏನಾಯ್ತು?’ ಅಂತಾನೂ ಕೇಳಿ. ನಾನು ಕೇಳಿರಲಿಲ್ಲ.