ನಿಮ್ಮ ರೌಟರ್‌ಗೆ ಈಗ ಟೈಮ್ ಎಷ್ಟು?

(ಸೆಟ್ಟಿಂಗ್ಸ್ ಒಳಗೆ, ಭಾಗ 6)

ಮೊದಲು ಒಂದು ಕೆಲಸ ಮಾಡ್ರಿ. ವೈಫೈಗೆ ಕನೆಕ್ಟ್ ಆಗಿ ಬ್ರೌಸರ್‌ನಲ್ಲಿ 192.168.1.1 ಅಥವಾ 192.168.0.1 ಹೊಡೀರಿ. ಸರಿಯಾದ ನಂಬರ್ ರೌಟರ್ ತಳದ ಸ್ಟಿಕರ್ ಮೇಲೆ ಇರುತ್ತೆ. ಲಾಗಿನ್ ಆಗಿ ಟೈಮ್ ಅನ್ನೋ ಪುಟ ತೆಗೀರಿ. ಅಲ್ಲಿ 1970ರ ಜನವರಿ 1 ಅಂತ ಕಂಡ್ರೆ ಗಾಬರಿ ಬೇಡ. ಬಹಳಷ್ಟು ಮನೆ ರೌಟರ್‌ಗಳಲ್ಲಿ ಗಡಿಯಾರಕ್ಕೆ ಅಂತ ಬ್ಯಾಟರಿ ಇರಲ್ಲ, ಕರೆಂಟ್ ಹೋದ್ರೆ ಟೈಮ್ ಮರೀತಾವೆ. ಇಂಥ ತಪ್ಪು ನೋಡಿದ ಕೂಡ್ಲೇ ಗೊತ್ತಾಗುತ್ತೆ, ಹಾಗಾಗಿ ಅಪಾಯ ಕಮ್ಮಿ. ನನಗೆ ಭಯ ಇರೋದು ನಂಬೋ ಹಂಗಿರೋ ತಪ್ಪು ಟೈಮ್ ಬಗ್ಗೆ.

ನಮ್ಮ ಎಚ್‌ಬಿ ಹಳ್ಳಿಯ ಒಂದು ಅಂಗಡಿಲಿ ಸಂಜೆ ಲೆಕ್ಕ ಬರೀತೀನಿ. ಹೋದ ವರ್ಷ ಒಂದಿನ ಗಲ್ಲಾದಲ್ಲಿ 2,000 ರೂಪಾಯಿ ಕಮ್ಮಿ ಬಂತು. ಓನರ್ ಸಿಸಿಟಿವಿ ಹಾಕಿ ನೋಡಿದ್ರು. ಮಧ್ಯಾಹ್ನ 1:40ಕ್ಕೆ ಒಂದು ಕೈ ಗಲ್ಲಾ ತೆಗೆದು ನೋಟು ತಗೊಂಡಿದೆ. ಮೇಲಿಂದ ತೆಗೆದ ಮಸುಕು ಚಿತ್ರ, ಮುಖ ಇಲ್ಲ. ಆ ಹೊತ್ತಲ್ಲಿ ಓನರ್ ಊಟಕ್ಕೆ ಹೋಗಿರ್ತಾರೆ, ಇರೋದು ಕೆಲಸದ ಹುಡುಗ ಒಬ್ಬನೇ. ಅವನು ನಾನಲ್ಲ ಅಂದ. ಸ್ಕ್ರೀನ್ ಮೇಲಿನ ಅಂಕಿ ಮುಂದೆ ಅವನ ಮಾತು ಯಾರು ಕೇಳ್ತಾರೆ? ನಾನೂ ಕೇಳಲಿಲ್ಲ. ಎರಡು ದಿನಕ್ಕೆ ಕೆಲಸ ಬಿಟ್ಟ.

ವಾರದ ಮೇಲೆ ಅದೇ ವಿಡಿಯೋ ಇನ್ನೊಂದು ಸಲ ನೋಡ್ದೆ. ಗಲ್ಲಾ ಪಕ್ಕ ಊದುಬತ್ತಿ ಹೊಗೆ. ಮಧ್ಯಾಹ್ನ 1:40ಕ್ಕೆ ನಮ್ಮಲ್ಲಿ ಯಾರ್ರೀ ಊದುಬತ್ತಿ ಹಚ್ತಾರೆ? ಫೋನ್ ಹಿಡಿದು ಹೋಲಿಸಿದ್ರೆ ರೆಕಾರ್ಡರ್ ಸರಿಯಾಗಿ ಐದೂವರೆ ಗಂಟೆ ಹಿಂದೆ. ಅಂದ್ರೆ ಅದು ಸಂಜೆ 7:10. ಬಾಕಿ ವಸೂಲಿಗೆ ಬಂದವರಿಗೆ ಓನರೇ ಕೈಯಾರೆ ಕೊಟ್ಟು, ಬರೆಸೋದು ಮರೆತಿದ್ರು.

ಐದೂವರೆ ಗಂಟೆ ಹೆಂಗೆ ಅಂತೀರಾ? ಡೇವಿಡ್ ಮಿಲ್ಸ್ ಅನ್ನೋರು 1985ರ ಸುಮಾರಿಗೆ ರೂಪಿಸಿದ ಎನ್‌ಟಿಪಿ ಅನ್ನೋ ಪದ್ಧತಿಯಿಂದ ಯಂತ್ರಗಳು ಸರ್ವರ್‌ಗೆ ಟೈಮ್ ಕೇಳ್ತಾವೆ. ಪ್ರಶ್ನೆ ಹೋಗಿ ಉತ್ತರ ಬರೋಕೆ ಹಿಡಿದ ಹೊತ್ತನ್ನೂ ಲೆಕ್ಕ ಹಾಕಿ ಸರಿ ಮಾಡ್ಕೊಳ್ತಾವೆ. ಆದ್ರೆ ಸರ್ವರ್ ಕೊಡೋದು ಯುಟಿಸಿ ಮಾತ್ರ. ಅದಕ್ಕೆ 5:30 ಕೂಡಿಸೋದು ನಮ್ಮ ಯಂತ್ರದ ಕೆಲಸ. ಹಾಕಿ ಹೋದವರು ರೌಟರ್‌ನಲ್ಲೂ ರೆಕಾರ್ಡರ್‌ನಲ್ಲೂ ಟೈಮ್ ಝೋನ್ ಸೊನ್ನೆಗೇ ಬಿಟ್ಟಿದ್ರು.

ಹಂಗಾಗಿ ಎರಡರಲ್ಲೂ ಟೈಮ್ ಝೋನ್ ಜಿಎಂಟಿ +05:30 ಇಡ್ರಿ. ಡೇಲೈಟ್ ಸೇವಿಂಗ್ ಆಫ್ ಮಾಡ್ರಿ, ಅದು ನಮ್ಮ ದೇಶದಲ್ಲಿ ಇಲ್ಲ. ಎನ್‌ಟಿಪಿ ಸರ್ವರ್ ಜಾಗದಲ್ಲಿ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು, ಅಂದ್ರೆ ಎನ್‌ಪಿಎಲ್‌ನದ್ದು ಒಂದು, ಎನ್‌ಐಸಿಯ 'ಸಮಯ್' ಸರ್ವರ್ ಇನ್ನೊಂದು ಹಾಕ್ರಿ. ಭಾರತದ ಅಧಿಕೃತ ಟೈಮ್ ಇಟ್ಟುಕೊಂಡಿರೋದೇ ಎನ್‌ಪಿಎಲ್. (ನಮ್ಮೂರ ಸೂರ್ಯನ್ನ ಕೇಳಿದ್ರೆ ಅವನು ಸರಾಸರಿ 25 ನಿಮಿಷ ತಡ. ಐಎಸ್‌ಟಿ ಇರೋದು 82.5 ಡಿಗ್ರಿ ರೇಖಾಂಶದ ಲೆಕ್ಕಕ್ಕೆ, ನಾವು ಅದಕ್ಕಿಂತ ಪಶ್ಚಿಮಕ್ಕಿದೀವಿ.) ಸೇವ್ ಮಾಡಿ, ಒಂದು ಸಲ ಆಫ್ ಮಾಡಿ ಆನ್ ಮಾಡಿ, ಮತ್ತೆ ನೋಡ್ರಿ.

ಫೋನ್‌ನಲ್ಲಿ ಟೈಮ್ ಸರಿ ಇದೆ ಬಿಡು ಅನ್ನೋರಿಗೆ: ಫೋನು ಬೇರೆ, ಗೋಡೆ ಮೇಲಿನ ಡಬ್ಬಿ ಬೇರೆ. ಸರ್ಟ್-ಇನ್ 2022ರ ಏಪ್ರಿಲ್ 28ರಂದೇ ಕಂಪನಿಗಳಿಗೆ, ಸರ್ಕಾರಿ ಸಂಸ್ಥೆಗಳಿಗೆ ಎನ್‌ಐಸಿ ಅಥವಾ ಎನ್‌ಪಿಎಲ್ ಟೈಮ್‌ಗೆ ಹೊಂದಿಸ್ಕೊಳ್ಳಿ ಅಂತ ನಿರ್ದೇಶನ ಕೊಟ್ಟಿದೆ. ಬಿಕಾಂನಲ್ಲಿ ನಾವು ಓದೋ ಆಡಿಟ್ ಟ್ರೇಲ್ ಕೂಡ 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ಸಾಫ್ಟ್‌ವೇರ್‌ಗೆ ಕಡ್ಡಾಯ. ಯಾವ ಎಂಟ್ರಿ ಯಾವಾಗ ಬದಲಾಯ್ತು ಅಂತ ಅದು ಬರೆದಿಡುತ್ತೆ. ಗಡಿಯಾರವೇ ಸುಳ್ಳಾದ್ರೆ ಆ 'ಯಾವಾಗ'ಕ್ಕೆ ಏನ್ ಬೆಲೆ?

ನನ್ನ ಪ್ರಕಾರ ಕ್ಯಾಮೆರಾ ಹಾಕೋಕೆ ಬಂದವರು ಟೈಮ್ ತೋರಿಸೋವರೆಗೂ ಪೂರ್ತಿ ದುಡ್ಡು ಕೊಡಬಾರದು. ರೆಕಾರ್ಡರ್ ಪರದೆ, ನಿಮ್ಮ ಫೋನ್, ಎರಡೂ ಒಂದೇ ಫೋಟೋದಲ್ಲಿ ಬರಬೇಕು. ನಾನು ತೆಗೆದದ್ದು ಮೊದಲ ಸ್ಲೈಡ್‌ನಲ್ಲಿದೆ, ನೋಡ್ರಿ.

ಓನರ್ ಆ ಹುಡುಗನಿಗೆ ಫೋನ್ ಮಾಡಿದ್ರು. ಅವನು ಹೊಸಪೇಟೆಲಿ ಬೇರೆ ಕಡೆ ಸೇರಿದಾನೆ. ವಾಪಸ್ ಬರಲ್ಲ ಅಂದ.

#ಹಗರಿಬೊಮ್ಮನಹಳ್ಳಿ #ಸೆಟ್ಟಿಂಗ್ಸ್_ಒಳಗೆ